ಅವರದು ಪ್ರವಾಸ, ನಮ್ಮದು ಗುಳೆ

ಊರು ಬಿಟ್ಟು ಊರಿಗೆ ಹೋಗುವುದಕ್ಕೆ ಈ ನಾಡಿನಲ್ಲಿ ಎರಡು ಹೆಸರುಗಳಿವೆ. ಉಳ್ಳವರು ಹೋದರೆ ಅದು ಪ್ರವಾಸ. ಇಲ್ಲದವರು ಹೋದರೆ ಅದು ಗುಳೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಹುಡುಗರಿಗೆ ಈ ಎರಡನೇ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಎರಡು ಹೆಸರುಗಳ ನಡುವೆ ಎಷ್ಟು ಎತ್ತರದ ಗೋಡೆ ಇದೆ ಅನ್ನೋದು ಕೊರೋನಾ ಬಂದ ವರ್ಷಗಳಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಕಂಡದ್ದನ್ನು ಬೇಗ ಮರೆಯುತ್ತಿದ್ದೇವೆ. ಅದಕ್ಕೇ ಈ ಮಾತು.

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಮೋದಿ ಟಿ.ವಿ.ಯಲ್ಲಿ ಕಾಣಿಸಿಕೊಂಡು, ನಡುರಾತ್ರಿಯಿಂದ 21 ದಿನ ಇಡೀ ದೇಶಕ್ಕೆ ಬೀಗ ಅಂದರು. ಕೈಲಿ ಉಳಿದದ್ದು 4 ಗಂಟೆ. ಮನೆ ಇದ್ದವರು ಮನೆಯೊಳಗೆ ಕೂತರು. ಅರ್ಧ ಕಟ್ಟಿದ ಬಿಲ್ಡಿಂಗನ್ನೇ ಮನೆ ಮಾಡಿಕೊಂಡಿದ್ದವರು ಏನು ಮಾಡಬೇಕು? ಬಸ್ಸಿಲ್ಲ, ರೈಲಿಲ್ಲ, ಕೂಲಿ ಇಲ್ಲ. ಗಂಟುಮೂಟೆ ಹೊತ್ತು ನಡೆದರು. ಉತ್ತರ ಪ್ರದೇಶದ ಬರೇಲಿಯಲ್ಲಿ ಹಾಗೆ ಬಂದವರನ್ನು ರಸ್ತೆ ಮೇಲೆ ಕೂರಿಸಿ, ಹೆಂಗಸು ಮಕ್ಕಳು ಅಂತಲೂ ನೋಡದೆ ಔಷಧಿಯ ನೀರನ್ನು ಪೈಪಿನಲ್ಲಿ ಮೈಮೇಲೆ ಹೊಡೆದರು. ದನಕ್ಕೂ ಹಾಗೆ ಹೊಡೆಯುವುದಿಲ್ಲ. ನಮ್ಮಲ್ಲೇ ಸಿಂಧನೂರು ಕಡೆಯ ಒಬ್ಬ ಕಟ್ಟಡ ಕೆಲಸದ ಹೆಣ್ಣುಮಗಳು ಬೆಂಗಳೂರಿನಿಂದ ಊರ ಕಡೆ ನಡೆದು ಹೊರಟವಳು, ಏಪ್ರಿಲ್ ಮೊದಲ ವಾರದಲ್ಲಿ ಬಳ್ಳಾರಿಯಲ್ಲಿ ಪ್ರಾಣ ಬಿಟ್ಟಳು.

ಅದೇ ಏಪ್ರಿಲ್ ತಿಂಗಳಲ್ಲಿ ಮಹಾರಾಷ್ಟ್ರದಲ್ಲಿ ನಡೆದದ್ದು ಕೇಳಿ. ಡಿ.ಎಚ್.ಎಫ್.ಎಲ್. ಕಂಪನಿಯ ವಾಧವಾನ್ ಕುಟುಂಬದವರು, ಅಡುಗೆಯವರು ಆಳುಗಳು ಸೇರಿ 23 ಜನ, ಐದು ಕಾರುಗಳಲ್ಲಿ ಖಂಡಾಲಾದಿಂದ ಮಹಾಬಲೇಶ್ವರದ ತಮ್ಮ ತೋಟದ ಮನೆಗೆ ಹೋದರು. ಒಂದು ಗಿರಿಧಾಮದಿಂದ ಇನ್ನೊಂದು ಗಿರಿಧಾಮಕ್ಕೆ. ಜಿಲ್ಲೆಯ ಗಡಿಗಳಿಗೆ ಬೀಗ ಬಿದ್ದಿತ್ತಲ್ಲ, ಹೇಗೆ ಹೋದರು? ರಾಜ್ಯದ ಗೃಹ ಇಲಾಖೆಯ ದೊಡ್ಡ ಅಧಿಕಾರಿ ಅಮಿತಾಭ್ ಗುಪ್ತಾ ಅವರು ಏಪ್ರಿಲ್ 8ರಂದು ಒಂದು ಕಾಗದ ಕೊಟ್ಟಿದ್ದರು. ಇವರು ನನ್ನ ಕುಟುಂಬದ ಸ್ನೇಹಿತರು, ಮನೆಯ ತುರ್ತಿಗೆ ಹೋಗುತ್ತಿದ್ದಾರೆ ಅಂತ. ಬ್ಯಾಂಕ್ ಹಗರಣದಲ್ಲಿ ತನಿಖೆ ಎದುರಿಸುತ್ತಿದ್ದವರಿಗೆ ಈ ಮರ್ಯಾದೆ!

ಒಂದು ತಿಂಗಳು ಕಳೆಯಿತು. ರಾಜ್ಯ ಅದೇ. ಜಾಲ್ನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಧ್ಯಪ್ರದೇಶದ ಕೂಲಿಗಳು ರೈಲು ಸಿಕ್ಕೀತು ಅಂತ ಭುಸಾವಳದ ದಿಕ್ಕಿಗೆ ಹಳಿ ಹಿಡಿದು ನಡೆದರು. ದಣಿದು ಹಳಿಯ ಮೇಲೇ ಮಲಗಿದರು. 2020ರ ಮೇ 8ರ ಬೆಳಗಿನ ಜಾವ, ಔರಂಗಾಬಾದಿನ ಹತ್ತಿರ ಗೂಡ್ಸ್ ರೈಲು ಹರಿದು 16 ಜನ ಸತ್ತರು. ಕಟ್ಟಿಕೊಂಡು ಬಂದಿದ್ದ ರೊಟ್ಟಿ ಹಳಿಯ ಮೇಲೆ ಚೆಲ್ಲಿತ್ತು. ಪಾಸಿಗೆ ಅರ್ಜಿ ಹಾಕಿದ್ದೆವು, ಉತ್ತರ ಬರಲಿಲ್ಲ ಅಂತ ಬದುಕುಳಿದವರು ಹೇಳಿದರು.

ಐದು ಕಾರಿನವರಿಗೆ ಕಾಗದ ಸಿಕ್ಕಿತು. ಹಳಿ ಮೇಲಿನವರಿಗೆ ಸಿಗಲಿಲ್ಲ. ಆನೆ ನಡೆದದ್ದೇ ದಾರಿ ಅಂತಾರಲ್ಲ, ಹಾಗೆ. ಕಾಗದ ಕೊಟ್ಟ ಅಧಿಕಾರಿಗೆ ಏನಾಯಿತು? ಕಡ್ಡಾಯ ರಜೆ. ಮೇ ತಿಂಗಳಲ್ಲೇ ಮತ್ತೆ ಕುರ್ಚಿ. ಸೆಪ್ಟೆಂಬರಿನಲ್ಲಿ ಪುಣೆಯ ಪೊಲೀಸ್ ಕಮಿಷನರ್!

ಮಹಾರಾಷ್ಟ್ರದ ಕತೆ ನಮಗ್ಯಾಕೆ ಅನ್ನಬೇಡಿ. ಆ 16 ಜನ ಸಾಯುವ ಮೂರು ದಿನ ಮೊದಲು, ಮೇ 5ರಂದು, ನಮ್ಮ ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರುಗಳ ಜೊತೆ ಕೂತು ಮಾತಾಡಿದರು. ಆಮೇಲೆ, ಕೂಲಿಗಳನ್ನು ಊರಿಗೆ ಒಯ್ಯುವ ರೈಲುಗಳು ಬೇಡ ಅಂತ ರೈಲ್ವೆಗೆ ಕಾಗದ ಹೋಯಿತು. ನೋಡಿ, ಇಲ್ಲೂ ಒಂದು ಕಾಗದವೇ! ಅಲ್ಲಿನದು ಹೋಗಲು ಬಿಡುವ ಕಾಗದ, ಇಲ್ಲಿನದು ಹೋಗದಂತೆ ತಡೆಯುವ ಕಾಗದ. ಜನ ಛೀ ಥೂ ಅಂದ ಮೇಲೆ ಎರಡು ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು. ಬಾಯಿ ಬಿಟ್ಟರೆ ಆಗುತ್ತದೆ ಅನ್ನೋದಕ್ಕೆ ಇದೂ ಸಾಕ್ಷಿ.

ಈ ಬೂಟಾಟಿಕೆ ನಮ್ಮ ದೇಶದ್ದು ಮಾತ್ರ ಅಂದುಕೊಳ್ಳಬೇಡಿ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಹಣಕಾಸು ಮಂತ್ರಿ ರಾಡ್ ಫಿಲಿಪ್ಸ್ 2020ರ ಡಿಸೆಂಬರಿನಲ್ಲಿ ಕೆರಿಬಿಯನ್ ಸಮುದ್ರದ ದ್ವೀಪವೊಂದಕ್ಕೆ ರಜೆಗೆ ಹೋದರು. ಅಲ್ಲಿನ ಸರ್ಕಾರ ಜನರಿಗೆ ಮನೆ ಬಿಟ್ಟು ಕದಲಬೇಡಿ ಅನ್ನುತ್ತಿತ್ತು. ಮಂತ್ರಿಗಳು ಮೊದಲೇ ತೆಗೆದಿಟ್ಟಿದ್ದ ವಿಡಿಯೋ ಕ್ರಿಸ್‌ಮಸ್ ಹಿಂದಿನ ದಿನ ಹೊರಬಂತು. ಒಲೆಯ ಬೆಂಕಿಯ ಪಕ್ಕ ಕೂತು ಜನರ ತ್ಯಾಗಕ್ಕೆ ವಂದನೆ ಹೇಳುವ ವಿಡಿಯೋ! ಗುಟ್ಟು ರಟ್ಟಾಗಿ ಡಿಸೆಂಬರ್ 31ಕ್ಕೆ ರಾಜೀನಾಮೆ. 2021ರ ಜೂನಿನಲ್ಲಿ ಮತ್ತೆ ಮಂತ್ರಿ. ಅಧಿಕಾರ ತನ್ನವರನ್ನು ಎಲ್ಲಾ ಕಡೆಯೂ ಬೇಗ ಕ್ಷಮಿಸುತ್ತದೆ.

ಇನ್ನು 2021ರ ಏಪ್ರಿಲ್. ಎರಡನೇ ಅಲೆ. ಹಿಂದಿ ಸಿನಿಮಾದ ತಾರೆಯರು ಮಾಲ್ಡೀವ್ಸ್ ಕಡಲ ತೀರದಿಂದ ಫೋಟೋ ಹಾಕುತ್ತಿದ್ದರು. ದೇಶದ ಆಸ್ಪತ್ರೆಗಳಲ್ಲಿ ಜನ ಉಸಿರಿಗೆ ಬಾಯಿ ಬಿಡುತ್ತಿದ್ದರು. ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿದು 24 ಜನ ಸತ್ತರು. ಆ ಫೋಟೋಗಳನ್ನು ನೋಡಿ ಹೊಟ್ಟೆ ಉರಿದದ್ದು ನಿಜ. ಆದರೆ ಗೆಳೆಯರೇ, ಅವರು ಕಾನೂನು ಮುರಿಯಲಿಲ್ಲ. ಮಾಲ್ಡೀವ್ಸಿಗೆ ವಿಮಾನ ಹಾರಲಿಕ್ಕೆ ಸರ್ಕಾರ ಸರ್ಕಾರಗಳೇ 2020ರಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಕಡಲು ನೋಡಲು ಹಾರುವುದು ಕಾನೂನು, ಹೆತ್ತವರ ಮುಖ ನೋಡಲು ನಡೆಯುವುದು ಅಪರಾಧ! ಬೈಯಬೇಕಾದರೆ ಇದನ್ನು ಬೈಯಬೇಕು. ಯಾವಳೋ ನಟಿಯ ಬಟ್ಟೆಯನ್ನು ಬೈದು ಕೈ ತೊಳೆದುಕೊಂಡರೆ ಕಾಗದಕ್ಕೆ ಸಹಿ ಹಾಕಿದವನು ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ.

ಇನ್ನೊಂದು ಮಾತು. ಕಡಲು ನೋಡುವ ಆಸೆ ಪಾಪವಲ್ಲ. ಟೂರಿಗೆ ದುಡ್ಡು ಕೊಡಲಾಗದೆ ಹಾಸ್ಟೆಲ್ಲಿನಲ್ಲೇ ಉಳಿದ ಹುಡುಗ ಹುಡುಗಿಯರಿಗೂ ಆ ಆಸೆ ಇದೆ, ಇರಬೇಕು. ನಾವು ಬೇಡ ಅನ್ನುತ್ತಿರುವುದು ಸುಖವನ್ನಲ್ಲ, ಒಬ್ಬನ ಸುಖಕ್ಕೆ ಪಾಸು ಕೊಟ್ಟು ಇನ್ನೊಬ್ಬನ ಹಸಿವಿಗೆ ಲಾಠಿ ಕೊಡುವುದನ್ನು.

ಸಾಂಕ್ರಾಮಿಕದ ಕಾಲದಲ್ಲಿ ಮನೆ ಬಿಟ್ಟು ಹೊರಟವರಲ್ಲಿ ನಾವು ನೆನೆಯಬೇಕಾದ ಒಬ್ಬ ತಾಯಿ ಇದ್ದಾಳೆ. ಪುಣೆಯಲ್ಲಿ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ಮುಂಢ್ವಾದ ಮಹಾರ್ ಕೇರಿಯ ಹುಡುಗನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸೆಯ ಜಾಗಕ್ಕೆ ತಂದಳು. ಅದೇ ರೋಗ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡಳು. ಆಕೆ ಯಾರ ಕಾಗದಕ್ಕೂ ಕಾಯಲಿಲ್ಲ.

2020ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿತು: 1 ಕೋಟಿಗೂ ಹೆಚ್ಚು ವಲಸೆ ಕೂಲಿಗಳು ಊರಿಗೆ ಮರಳಿದ್ದಾರೆ, ಅವರಲ್ಲಿ ಎಷ್ಟು ಜನ ಸತ್ತರು ಅನ್ನೋ ಲೆಕ್ಕ ನಮ್ಮಲ್ಲಿಲ್ಲ. ಲೆಕ್ಕ ಇಲ್ಲದಿದ್ದರೆ ಪರಿಹಾರ ಇಲ್ಲ. ಸತ್ತವರೇ ಇಲ್ಲ ಅಂದ ಹಾಗೆ.

ಆ ಲೆಕ್ಕ ನಾವು ಬರೆಯೋಣ. ಮುಂದಿನ ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯಲ್ಲಿ ಕೇಳಿ. ಆ ವರ್ಷ ಯಾರು ನಡೆದು ಬಂದರು? ಎಲ್ಲಿಂದ? ಎಷ್ಟು ದಿನ? ದಾರಿಯಲ್ಲಿ ಅನ್ನ ಕೊಟ್ಟವರು ಯಾರು, ಹೊಡೆದವರು ಯಾರು? ಮನೆ ಮುಟ್ಟದೇ ಹೋದವರು ಯಾರು? ನೋಟ್‌ಬುಕ್ಕಿನಲ್ಲಿ ಹೆಸರು ಸಮೇತ ಬರೆದು ತನ್ನಿ. ರೋಗ ಮತ್ತೆ ಬರುತ್ತದೆ. ಆಗ ಊರಿಗೆ ಬೀಗ ಹಾಕುವ ಮೊದಲು ಕೂಲಿಗಳಿಗೆ ಬಸ್ಸು ಬಿಡಿ, ಕೊಟ್ಟ ಪ್ರತಿಯೊಂದು ಪಾಸನ್ನೂ ಹೆಸರು ಕಾರಣ ಸಮೇತ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿ ಅಂತ ಕೇಳುವಾಗ ನಮ್ಮ ಕೈಲಿ ಆ ನೋಟ್‌ಬುಕ್ಕು ಇರಬೇಕು.