ಮನೆಯ ಸುತ್ತಣ ಹಸುರು ಮತ್ತು ಕಾಡುಗಿಚ್ಚು

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಸಂಸಾರ ಹೂಡಿರುವ ಕನ್ನಡಿಗರು ಅನೇಕರುಂಟು. ಮಗನನ್ನೋ ಮಗಳನ್ನೋ ಅಲ್ಲಿಗೆ ಕಳುಹಿಸಿರುವ ತಾಯಿತಂದೆಗಳು ಆ ಸೀಮೆಯ ಕಾಡುಗಿಚ್ಚಿನ ವಾರ್ತೆ ಬಂದಾಗಲೆಲ್ಲ ಕಳವಳಪಡುವುದು ಸಹಜವೇ ಸರಿ. ಆದುದರಿಂದ ಈ ತಿಂಗಳು ಅಲ್ಲಿಯ ಕೈದೋಟದ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

1991ನೆಯ ಅಕ್ಟೋಬರ್ 20ರಂದು ಓಕ್ಲೆಂಡ್ ಪಟ್ಟಣದ ಗುಡ್ಡಗಳಲ್ಲಿ ಹಬ್ಬಿದ ಬೆಂಕಿಯು 25 ಜನರನ್ನು ಬಲಿ ತೆಗೆದುಕೊಂಡಿತು; ಸುಮಾರು 3,000 ಮನೆಗಳು ಬೂದಿಯಾದುವು. ಬರಗಾಲ, ಒಣಗಾಳಿ, ಮರದ ಹಲಗೆಯ ಮಾಡುಗಳು ಇವೇ ಮೊದಲಾದ ಕಾರಣಗಳೊಡನೆ ನಮಗೆ ಚಿರಪರಿಚಿತವಾದ ನೀಲಗಿರಿ ಮರವೂ ಸೇರಿದ್ದಿತು. ನೆಗಡಿಗೆ ನಾವು ಮೂಸುವ ಆ ಎಣ್ಣೆಯೇ ಎಲೆಗಳಲ್ಲಿ ತುಂಬಿರುವುದರಿಂದ ಉರಿಗೆ ತುಪ್ಪ ಹೊಯ್ದಂತಾಗುತ್ತದೆ. ಸುಲಿದು ನೇತಾಡುವ ತೊಗಟೆಯಾದರೋ ಹೊತ್ತಿಕೊಂಡು ಗಾಳಿಯಲ್ಲಿ ಬಹುದೂರ ಹಾರುತ್ತದೆ. ಹಿಂದಿನ ಚಳಿಗಾಲದ ಕಡುಶೀತಕ್ಕೆ ಸಿಕ್ಕಿ ಸತ್ತ ಎಲೆ ರೆಂಬೆಗಳೂ ಆ ಗುಡ್ಡಗಳಲ್ಲಿ ಸಾಕಷ್ಟಿದ್ದುವು.

ಇಂತಹ ಬೆಂಕಿಗಳಲ್ಲಿ ಎಷ್ಟೋ ಮನೆಗಳು ಹೊತ್ತುವುದು ದೊಡ್ಡ ಜ್ವಾಲೆಯು ಬಂದು ತಾಗುವುದರಿಂದಲ್ಲ. ಮುಂಚಿತವಾಗಿ ಹಾರಿಬರುವ ಕಿಡಿಗಳಿಂದ. ಗೋಡೆಯ ಬುಡದ ಒಣಪೊದೆಯಲ್ಲಿ ಒಂದು ಕಿಡಿ ಬಿದ್ದರೂ ಉರಿಯು ಕಿಟಕಿಗೇರಲು ತಡವಾಗದು.

ಲೋಳೆಸರ, ಕತ್ತಾಳೆಗಳಂತಹ ರಸಭರಿತವಾದ ಗಿಡಗಳು ಬೇಗ ಹೊತ್ತಿಕೊಳ್ಳಲಾರವು. ಆ ನಾಡಿನದೇ ಆದ ನಿತ್ಯಹಸುರಿನ ಓಕ್ ಮರ, ಚೆನ್ನಾಗಿ ನೀರುಂಡ ನಿಂಬೆ, ಕಿತ್ತಳೆಗಳೂ ಹಾಗೆಯೇ. ಜೂನಿಪರ್, ರೋಸ್‌ಮರಿ, ಬಿದಿರು ಇವು ಮನೆಯ ಹತ್ತಿರ ಸಲ್ಲವು. ಆದರೆ ಬೆಂಕಿಯೇ ತಾಗದ ಗಿಡವೆಂದು ಯಾರಾದರೂ ಮಾರಬಂದರೆ ನಂಬತಕ್ಕದ್ದಲ್ಲ. ಕೆಳಗಿನ ಒಣ ಎಲೆಗಳನ್ನು ಕೀಳದೆ ಬಿಟ್ಟ ಕತ್ತಾಳೆಯೂ ಸೌದೆಯೇ.

ಬೆಂಕಿಯ ಭಯವಿರುವ ಪ್ರದೇಶಗಳಲ್ಲಿ ಮನೆಯ ಸುತ್ತ 100 ಅಡಿಯವರೆಗೆ ಒಣಹುಲ್ಲು ಪೊದೆಗಳನ್ನು ತಗ್ಗಿಸಬೇಕೆಂದು ಅಲ್ಲಿಯ ಶಾಸನವಿದೆ. ಗೋಡೆಗೆ ಸೇರಿದ ಮೊದಲ 5 ಅಡಿಯಲ್ಲಿ ಗಿಡವನ್ನೇ ಬೆಳೆಸದೆ ಜಲ್ಲಿ ಹರಡುವುದು ಉತ್ತಮವೆಂದು ತಜ್ಞರು ಹೇಳುತ್ತಾರೆ. ಇದು ನಮ್ಮ ಗೃಹಿಣಿಯರಿಗೆ ರುಚಿಸದು. ಕಿಟಕಿಯ ಕೆಳಗೆ ಮಲ್ಲಿಗೆಯಿಲ್ಲದ ಮನೆ ನಮಗೂ ಬೋಳಾಗಿಯೇ ಕಾಣುತ್ತದೆ. ಆದರೂ ಮಲ್ಲಿಗೆಯನ್ನು ದೂರದ ಚಪ್ಪರಕ್ಕೆ ಹಬ್ಬಿಸಬಹುದಷ್ಟೆ. ತುಳಸಿ, ಕರಿಬೇವುಗಳನ್ನು ಕುಂಡಗಳಲ್ಲಿ ಬೆಳೆಸಿದರೆ ಅವನ್ನೂ ಗೋಡೆಯಿಂದ ಆಚೆಗೆ ಇರಿಸಿಕೊಳ್ಳಬಹುದು. ಗಿಡಗಳ ಬುಡಕ್ಕೆ ಮರದ ಚೂರುಗಳನ್ನು ಹರಡುವ ಅಲ್ಲಿಯ ಪದ್ಧತಿಯನ್ನು ಗೋಡೆಯ ಸಮೀಪದಲ್ಲಂತೂ ಬಿಡುವುದು ಲೇಸು.

ಬೇಸಗೆಯಲ್ಲಿ ಮಕ್ಕಳ ಮನೆಗೆ ಹೋಗುವ ಹಿರಿಯರು ಹೊತ್ತು ಹೋಗದೆಂದು ಬೇಸರಪಡುವುದುಂಟು. ಅವರು ಬೆಳಗಿನ ತಂಪಿನಲ್ಲಿ ಅಂಗಳದ ತರಗೆಲೆಗಳನ್ನು ಗುಡಿಸಿ, ಗಿಡಗಳ ಒಣಕಡ್ಡಿಗಳನ್ನು ಮುರಿದು ತೆಗೆಯಬಹುದು. ಮಾಡಿನಂಚಿನ ನೀರುದೋಣಿಯಲ್ಲಿ ಸೇರಿದ ಕಸವನ್ನು ಮಾತ್ರ ಅಳಿಯನಿಂದಲೋ ಮಗನಿಂದಲೋ ತೆಗೆಯಿಸತಕ್ಕದ್ದು. ಅವರು ಏಣಿ ಹತ್ತುವುದು ಬೇಡ.