ಕೆಂಪಿನ ಸೀಮೆಯಲ್ಲಿ ಬೂದುಬಣ್ಣ

ಬ್ಯಾಡಗಿಯ ಮೆಣಸಿನಕಾಯಿಗೆ ಬೆಲೆ ಕಟ್ಟುವವನು ಮೊದಲು ನೋಡುವುದು ಅದರ ಬಣ್ಣವನ್ನು. ಖಾರದ ವಿಚಾರ ಅನಂತರದ್ದು. ಸುಕ್ಕುಗಟ್ಟಿದ ಸಿಪ್ಪೆಯ, ಖಾರ ಕಡಿಮೆಯ, ರಂಗು ಹೆಚ್ಚಿನ ಆ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತುದಕ್ಕೂ, ಅದರಿಂದ ತೆಗೆದ ಸತ್ತ್ವವು ದೂರದೇಶಗಳ ಆಹಾರಪದಾರ್ಥಗಳಿಗೂ ತುಟಿಗಳ ಅಲಂಕಾರಕ್ಕೂ ಸಲ್ಲುತ್ತಿರುವುದಕ್ಕೂ ಆ ಕೆಂಪು ಮುಖ್ಯ ಕಾರಣ. ಇಂಥ ಸೀಮೆಯ ನಡುವೆ, ಪುಣೆ ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವ ಮೋಟೆಬೆನ್ನೂರಿನಲ್ಲಿ ನಿಂತು ಬೂದುಬಣ್ಣದ ಪರವಾಗಿ ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಆಷಾಢದ ಮಧ್ಯಾಹ್ನವೊಂದರಲ್ಲಿ ಇಲ್ಲಿ ನಿಂತವನಿಗೆ ಬೇರೆ ಬಣ್ಣದ ಮಾತು ಹೊಳೆಯಲಾರದು. ಪಶ್ಚಿಮದಲ್ಲಿ ಹಾನಗಲ್ಲಿನ ಕಡೆಯ ಮಲೆನಾಡಿನ ಸೆರಗು, ಪೂರ್ವದಲ್ಲಿ ರಾಣೆಬೆನ್ನೂರಿನ ಬಯಲು. ಇವೆರಡರ ನಡುವಣ ಈ ನೆಲದ ಮೇಲೆ ಆಗ ಆಕಾಶವು ಅಂಚಿಲ್ಲದ ಒಂದೇ ಹಾಸಾಗಿ ಇಳಿದುಬಂದಿರುತ್ತದೆ. ಬಿಳಿಯ ಮೋಡದಲ್ಲಿ ಮಳೆಯಿಲ್ಲ. ಕರಿಯ ಮೋಡ ಗುಡುಗಿ, ಅರೆಗಳಿಗೆ ಸುರಿದು, ಗಾಳಿಗೆ ಸರಿದುಹೋಗುತ್ತದೆ. ದಿನವಿಡೀ ಜಿನುಗಿ ನೆಲದ ಆಳಕ್ಕೆ ಇಳಿಯುವ ಮಳೆಯನ್ನು ಹೊತ್ತು ತರುವುದು ಈ ಬೂದುಬಣ್ಣದ ಆಕಾಶವೇ.

ಬೂದಿಯಿಂದ ಬಂದ ಹೆಸರು ಬೂದು. ಸಂಸ್ಕೃತದಲ್ಲಿ ಇದಕ್ಕೆ ಧೂಸರವೆಂಬ ಸುಂದರವಾದ ಶಬ್ದವಿದ್ದರೂ, ಕನ್ನಡವು ಈ ಬಣ್ಣಕ್ಕೆ ಅಡುಗೆಮನೆಯ ಒಲೆಯಿಂದಲೇ ಹೆಸರನ್ನೆತ್ತಿಕೊಂಡಿತು. ಬೂದಿಯಾಯಿತೆಂದರೆ ಸರ್ವನಾಶವಾಯಿತೆಂದೂ, ಬೂದಿ ಮುಚ್ಚಿದ ಕೆಂಡವೆಂದರೆ ಒಳಗೊಳಗೇ ಕಾದಿರುವ ಕೇಡೆಂದೂ ನಾವಿಂದು ಬಳಸುತ್ತೇವೆ. ಈ ಎರಡನೆಯ ಮಾತಿನ ವಿಷಯದಲ್ಲಿ ನನಗೆ ತೀವ್ರವಾದ ಭಿನ್ನಾಭಿಪ್ರಾಯವಿದೆ. ನಾನು ಬಾಲ್ಯದಲ್ಲಿ ಕಂಡ ಮನೆಯಲ್ಲಿ ಅಜ್ಜಿಯು ರಾತ್ರಿ ಎಲ್ಲರ ಊಟವಾದ ಮೇಲೆ ಉಳಿದ ಕೆಂಡಗಳನ್ನು ಒಲೆಯ ಮೂಲೆಗೆ ಸರಿಸಿ, ಮಗುವಿಗೆ ಹೊದಿಸುವ ಜಾಗರೂಕತೆಯಿಂದ ಅವುಗಳ ಮೇಲೆ ಬೂದಿಯನ್ನು ಹರಡುತ್ತಿದ್ದಳು. ನಸುಕಿನಲ್ಲಿ ಎದ್ದು ಆ ಹೊದಿಕೆಯನ್ನು ಸರಿಸಿ, ಒಣಗಿದ ಕುಳ್ಳಿನ ಚೂರೊಂದನ್ನಿಟ್ಟು ಊದಿದರೆ ಬೆಂಕಿ ಎದ್ದುಕೊಳ್ಳುತ್ತಿತ್ತು. ಆಕೆಯ ಪಾಲಿಗೆ ಬೂದಿ ಮುಚ್ಚಿದ ಕೆಂಡವು ನಾಳಿನ ರೊಟ್ಟಿಯ ಭರವಸೆಯಾಗಿತ್ತು. ಬಿತ್ತನೆಯ ಹೆಸರನ್ನೂ ಅಲಸಂದೆಯನ್ನೂ ಗಡಿಗೆಗೆ ತುಂಬುವಾಗ ಜರಡಿ ಹಿಡಿದ ಬೂದಿಯನ್ನು ಆಕೆ ಕಾಳಿಗೆ ಹೊರಳಿಸಿ ಬೆರೆಸುತ್ತಿದ್ದುದೂ ನೆನಪಿದೆ. ಆ ನುಣುಪು ಪುಡಿಯು ಕಾಳುಗಳ ಸಂದನ್ನೆಲ್ಲ ತುಂಬಿ, ಹುಳುವಿನ ಮೈಯ ತೇವವನ್ನು ಹೀರಿ, ಮುಂದಿನ ಮುಂಗಾರಿನವರೆಗೆ ಬೀಜವನ್ನು ಕಾಯುತ್ತಿತ್ತು. ಬಲಿತ ಬೂದುಗುಂಬಳದ ಮೇಲೆ ತಾನಾಗಿ ಏರುವ ಬೂದಿಯಂಥ ಲೇಪ ಮಾಡುವುದೂ ಇದನ್ನೇ. ಅದರಿಂದಲೇ ಆ ಕಾಯಿ ತಿಂಗಳುಗಟ್ಟಲೆ ಕೆಡದೆ ನಿಲ್ಲುವುದು.

ಹೀಗೆ ಕಾಯುವ ಗುಣವನ್ನು ಕಂಡೇ ನಮ್ಮ ಹಿರಿಯರು ಭಸ್ಮಕ್ಕೆ ವಿಭೂತಿಯೆಂಬ ಹೆಸರಿಟ್ಟರೆಂದು ನನ್ನ ನಂಬಿಕೆ. ವಿಭೂತಿಯೆಂದರೆ ಐಶ್ವರ್ಯ, ಭಗವದ್ಗೀತೆಯ ಹತ್ತನೆಯ ಅಧ್ಯಾಯಕ್ಕೆ ವಿಭೂತಿಯೋಗವೆಂಬ ಹೆಸರು ಸಂದಿರುವುದು ಈ ಅರ್ಥದಲ್ಲಿಯೇ. ಅಷ್ಟಾವರಣಗಳಲ್ಲಿ ಒಂದೆಂದು ವಿಭೂತಿಯನ್ನೆಣಿಸಿದ ಶರಣಪರಂಪರೆಯು ಅದನ್ನು ಭಕ್ತನ ಸುತ್ತಣ ರಕ್ಷೆಯೆಂದು ಭಾವಿಸಿತು. ಸಗಣಿಯನ್ನು ಸುಟ್ಟುಳಿದ ಪುಡಿಗೂ ಭಗವಂತನ ಮಹಿಮೆಗೂ ಒಂದೇ ಶಬ್ದವನ್ನು ಸಲ್ಲಿಸಿದ ಜನರ ಕಣ್ಣಿಗೆ ಬೂದುಬಣ್ಣವು ದರಿದ್ರವಾಗಿ ಕಂಡಿರಲಾರದು. ಬ್ಯಾಡಗಿ ತಾಲ್ಲೂಕಿನದೇ ಆದ ಕಾಗಿನೆಲೆಯ ಕನಕದಾಸರ ಚಿತ್ರಗಳಲ್ಲಿ ಹೆಗಲ ಮೇಲೆ ಕಾಣುವ ಕಂಬಳಿಯೂ ಇದೇ ಬಳಗಕ್ಕೆ ಸೇರಿದುದು. ಕುರುಬರು ಕರಿಯ ಉಣ್ಣೆಗೆ ಬಿಳಿಯ ಉಣ್ಣೆಯನ್ನು ಬೆರೆಸಿ, ಯಾವ ಬಣ್ಣದ ನೀರಿಗೂ ಅದ್ದದೆ ನೆಯ್ದು, ಹುಣಿಸೆಬೀಜದ ಗಂಜಿ ತಿನ್ನಿಸಿದ ಆ ಕಂಬಳಿ ಮಳೆಗೂ ಚಳಿಗೂ ಜಗ್ಗದು.

ಇತರ ಬಣ್ಣಗಳಿಗೆ ಬೂದು ಮಾಡುವ ಉಪಕಾರವನ್ನೂ ಹೇಳಬೇಕು. ಫ್ರಾನ್ಸಿನ ಗೊಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೆಲ್, ನೂಲಿನ ಬಣ್ಣ ಮಂಕಾಗಿದೆಯೆಂಬ ದೂರುಗಳನ್ನು ಪರೀಕ್ಷಿಸುತ್ತ ಹೋಗಿ, ಮಂಕಿಗೆ ಕಾರಣ ಬಣ್ಣದ ದೋಷವಲ್ಲ, ಪಕ್ಕದಲ್ಲಿ ನೆಯ್ದ ಇನ್ನೊಂದು ಬಣ್ಣ ಎಂದು ಕಂಡು, 1839ರಲ್ಲಿ ಅದನ್ನೊಂದು ಗ್ರಂಥವಾಗಿ ಪ್ರಕಟಿಸಿದನು. ಬೂದು ನೆರೆಯಲ್ಲಿದ್ದರೆ ಕೆಂಪು ಇಮ್ಮಡಿ ಕೆಂಪಾಗಿ ತೋರುತ್ತದೆ. ಇದಕ್ಕೆ ಪ್ರಮಾಣ ಬೇಕಾದವರು ಮೋಡ ಮುಸುಕಿದ ದಿನ ಮೆಣಸಿನಕಾಯಿಯ ರಾಶಿಯನ್ನು ನೋಡಲಿ.

ಕಪ್ಪುಬಿಳುಪಿನ ಚಿತ್ರಗಳೆಂದು ನಾವು ಕರೆಯುವ ಹಳೆಯ ಛಾಯಾಚಿತ್ರಗಳಲ್ಲಿ ನಿಜವಾಗಿ ತುಂಬಿರುವುದು ಬೂದುಬಣ್ಣದ ನೂರು ಛಾಯೆಗಳು. ಈ ಊರಿನದೇ ಒಂದು ನಿದರ್ಶನ ಸಾಕು. 1930ರ ಮಾರ್ಚ್ 12ರಂದು ಸಬರಮತಿಯಿಂದ ಗಾಂಧೀಜಿಯವರೊಡನೆ ದಂಡಿಗೆ ಹೊರಟ 78 ಮಂದಿಯ ಪೈಕಿ ಕರ್ನಾಟಕದಿಂದ ಹೋದವರು ಒಬ್ಬರೇ. ಅವರು ಇದೇ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಜನಿಸಿದ, ಆಗ ಹದಿನೆಂಟರ ತರುಣರಾಗಿದ್ದ ಮೈಲಾರ ಮಹದೇವಪ್ಪನವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಆ ವೀರರು ನಡೆದ ದಾರಿಯ ಧೂಳನ್ನೂ ಕಡಲ ತಡಿಯನ್ನೂ ನಮಗಾಗಿ ಹಿಡಿದಿಟ್ಟಿರುವುದು ಬೂದುಬಣ್ಣದ ಚಿತ್ರಗಳೇ. ಈಚೆಗೆ ಯಂತ್ರಗಳ ನೆರವಿನಿಂದ ಅಂಥ ಚಿತ್ರಗಳಿಗೆ ಬಣ್ಣ ತುಂಬುವ ಹವ್ಯಾಸ ಹೆಚ್ಚುತ್ತಿದೆ. ತುಂಬಿದ ಬಣ್ಣ ಊಹೆಯದು. ಬೂದುಬಣ್ಣ ಮಾತ್ರವೇ ಅಂದಿನ ಬೆಳಕು ಬರೆದುದು.

ಹೀಗೆ ಬೂದಿನ ಮೇಲೆ ಬಣ್ಣ ಬಳಿಯುವುದರಲ್ಲಿ ನನ್ನ ಮುಖ್ಯ ಸಂಕಟವಿರುವುದು ಕಲ್ಲಿನ ವಿಷಯದಲ್ಲಿ. ಹಾವೇರಿಯ ಪುರದ ಸಿದ್ಧೇಶ್ವರ, ತುಂಗಭದ್ರೆಯ ತಡಿಯಲ್ಲಿರುವ ಚೌಡಯ್ಯದಾನಪುರದ ಮುಕ್ತೇಶ್ವರ, ಇವು ಚಾಲುಕ್ಯಶೈಲಿಯ ಶಿಲ್ಪಿಗಳು ಈ ಸೀಮೆಗೆ ಬಿಟ್ಟುಹೋದ ನಿಧಿಗಳು. ಹಾವೇರಿಯ ಗುಡಿಯ ಬಳಪದ ಕಲ್ಲು ಬಿಸಿಲಿನಲ್ಲಿ ತಿಳಿಬೂದಿಯಂತಿದ್ದು, ಮಳೆಗೆ ನೆನೆದೊಡನೆ ಹಸುರುಗಪ್ಪಿಗೆ ತಿರುಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಸೂರ್ಯನು ಸರಿದಂತೆಲ್ಲ ಅದರ ಮೇಲಣ ಕೀರ್ತಿಮುಖಗಳೂ ಬಳ್ಳಿಗಳೂ ಒಂದೊಂದಾಗಿ ಎದ್ದು ಒಂದೊಂದಾಗಿ ಅಡಗುತ್ತವೆ. ಬಣ್ಣದ ಗೊಡವೆಯಿಲ್ಲದೆ ನೆರಳನ್ನೇ ನೆಚ್ಚಿ ಕಡೆದ ಕೆತ್ತನೆ ಅದು. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಗಳು ಹೇಗೋ ಬದುಕಿಕೊಂಡಾವು. ಆದರೆ ಯಾರ ಪಟ್ಟಿಗೂ ಸೇರದ ಊರೂರಿನ ಹಳೆಯ ಗುಡಿಗಳಿಗೆ, ವೀರಗಲ್ಲುಗಳಿಗೆ, ಜಾತ್ರೆ ಬಂದಾಗಲೆಲ್ಲ ನೀಲಿ, ಹಳದಿ, ಬೆಳ್ಳಿಯ ಬಣ್ಣಗಳ ಆಯಿಲ್ ಪೇಂಟು ಬೀಳುತ್ತಿದೆ. ಭಕ್ತಿಯಿಂದಲೇ ಬಳಿಯುತ್ತಾರೆ, ಅದರಲ್ಲಿ ಸಂದೇಹವಿಲ್ಲ. ಆದರೆ ಪದರ ಪದರವಾಗಿ ಕುಳಿತ ಪೇಂಟು ಕೂದಲೆಳೆಯಂಥ ಗೆರೆಗಳನ್ನು ತುಂಬಿಬಿಡುತ್ತದೆ. ಕಲ್ಲಿನೊಳಗಣ ತೇವ ಹೊರಬರಲಾರದೆ, ಕೆಲವು ವರ್ಷಗಳಲ್ಲಿ ಮೈ ಹಕ್ಕಳೆಯೆದ್ದು ಪೇಂಟಿನೊಡನೆ ಕೆತ್ತನೆಯೂ ಉದುರುತ್ತದೆ. ಶತಮಾನಗಳ ಮಳೆ ಬಿಸಿಲುಗಳು ಮಾಡದ ಕೇಡನ್ನು ನಾಲ್ಕು ಡಬ್ಬಿ ಪೇಂಟು ಮಾಡುತ್ತದೆ.

ಊರಿನ ಹಿರಿಯರಲ್ಲಿಯೂ ಜಾತ್ರೆಯ ಸಮಿತಿಯವರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ: ಈ ಸಲ ಪೇಂಟಿನ ಡಬ್ಬಿಯನ್ನು ತೆರೆಯುವ ಮೊದಲು ನಾಲ್ಕು ಕೊಡ ನೀರು ಹೊಯ್ದು, ಬರಿಯ ಕೈಯಿಂದ ಕಲ್ಲಿನ ಮೇಲಣ ಧೂಳನ್ನು ತೊಳೆದು, ಅದು ಒಣಗುವವರೆಗೆ ಎದುರಿಗೆ ಕುಳಿತು ನೋಡಿರಿ, ಆಮೇಲೆ ನಿಶ್ಚಯಿಸಿರಿ.