ಜಿನೀವಾದಲ್ಲಿ ಸಹಿ, ಸಿರಿಗೇರಿಯಲ್ಲಿ ರೇಟು

ಭತ್ತದ ಕೊಯ್ಲು ಶುರುವಾದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಥರದ ಮಾತು ಓಡಾಡುತ್ತವೆ. ಒಂದು: "ಬೆಂಬಲ ಬೆಲೆ ನಿಲ್ಲಿಸ್ರಿ ಅಂತ ಡಬ್ಲ್ಯುಟಿಒ ಆರ್ಡರ್ ಮಾಡೈತಿ." ಇನ್ನೊಂದು: "ಆ ಜಿನೀವಾದಾಗ ಕುಂತೋರಿಗೂ ನಮಗೂ ಏನ್ ಸಂಬಂಧ? ನಮ್ಮ ರೇಟು ಕಟ್ಟೋದು ಇಲ್ಲಿನ ದಲ್ಲಾಳಿ."

ಸಿರಿಗೇರಿ, ತೆಕ್ಕಲಕೋಟೆ, ಕುರುಗೋಡು ಕಡೆ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಗೆಳೆಯರೇ, ಇವೆರಡೂ ಪೂರ್ತಿ ನಿಜ ಅಲ್ಲ. ವಿಶ್ವ ವ್ಯಾಪಾರ ಸಂಸ್ಥೆ ನಮ್ಮನ್ನು ಆಳುವ ದೊರೆ ಅಲ್ಲ. ಅದು 166 ಸದಸ್ಯರು ಸೇರಿ ಮಾಡಿಕೊಂಡ ಪಂಚಾಯ್ತಿ ಕಟ್ಟೆ. ಅಲ್ಲಿ ನಮ್ಮ ಪರವಾಗಿ ಕೂರುವುದು ದೆಹಲಿ ಸರ್ಕಾರ. ಹಾಗಾಗಿ ನಮ್ಮ ಪ್ರಶ್ನೆ ಮೊದಲು ದೆಹಲಿಗೆ ಹೋಗಬೇಕು, ಅದೂ ಸಹಿ ಬೀಳುವ ಮೊದಲು.

ಡಂಕೆಲ್ ಕಾಲದ ಬಳ್ಳಾರಿ

ಈ ಜಗಳ ನಮ್ಮ ಜಿಲ್ಲೆಗೆ ಹೊಸದಲ್ಲ. ಮನೆಯ ಹಿರಿಯರನ್ನು ಕೇಳಿ ನೋಡಿ, 'ಡಂಕೆಲ್' ಅನ್ನೋ ಹೆಸರು ಹಲವರಿಗೆ ನೆನಪಿರುತ್ತದೆ. ಆರ್ಥರ್ ಡಂಕೆಲ್ ಆಗ 'ಗ್ಯಾಟ್' ಎಂಬ ವ್ಯಾಪಾರ ಒಪ್ಪಂದದ ಮುಖ್ಯಸ್ಥ. 1991ರ ಡಿಸೆಂಬರಿನಲ್ಲಿ ಅವರು ಮುಂದಿಟ್ಟ ಕರಡಿನಲ್ಲಿ ಕೃಷಿ ಸಬ್ಸಿಡಿ, ಆಮದು ಸುಂಕ, ಬೀಜದ ಹಕ್ಕು ಎಲ್ಲವೂ ಇದ್ದವು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಕರ್ನಾಟಕ ರಾಜ್ಯ ರೈತ ಸಂಘ ಇದರ ವಿರುದ್ಧ ಬೀದಿಗಿಳಿಯಿತು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಆ ಕಂಪನಿ ಕಟ್ಟುತ್ತಿದ್ದ ಬೀಜ ಘಟಕವನ್ನು ಕೆಡವಿದರು.

ಕೆಡವಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು: ನಮ್ಮ ಹೊಲದ ವಿಷಯಕ್ಕೆ ನಮ್ಮನ್ನು ಕೇಳದೆ ಸಹಿ ಯಾಕೆ?

1995ರ ಜನವರಿ 1ಕ್ಕೆ ಡಬ್ಲ್ಯುಟಿಒ ಬಂದೇ ಬಂತು. ಭಾರತ ಮೊದಲ ದಿನದಿಂದಲೂ ಸದಸ್ಯ. ಆದರೆ ಆ ಕೂಗು ವ್ಯರ್ಥವಾಗಲಿಲ್ಲ ಅಂತ ನನ್ನ ಅಭಿಪ್ರಾಯ. ಸಸ್ಯ ತಳಿಗೆ ಪೇಟೆಂಟ್ ಕೊಡಿ, ಇಲ್ಲವೇ ನಿಮ್ಮದೇ ಆದ ಬೇರೆ ಕಾನೂನು ಮಾಡಿ ಅನ್ನುತ್ತದೆ ಅಲ್ಲಿನ ನಿಯಮ. ಭಾರತ ಎರಡನೇ ದಾರಿ ಹಿಡಿದು, 2001ರಲ್ಲಿ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾಡಿತು. ಅದರ 39ನೇ ಕಲಂ ಪ್ರಕಾರ, ನೋಂದಾಯಿತ ತಳಿಯ ಬೀಜವನ್ನೂ ನೀವು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ಪಕ್ಕದ ಹೊಲದವರಿಗೆ ಕೊಡಬಹುದು, ಮಾರಲೂಬಹುದು. ಬ್ರಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೆ. 2019ರಲ್ಲಿ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೋ ಕೇಸು ಹಾಕಿದಾಗ ರೈತರ ಪರ ನಿಂತವರು ಮುಂದಿಟ್ಟಿದ್ದು ಇದೇ ಕಲಂ. ಆ ವರ್ಷದ ಮೇ ತಿಂಗಳಲ್ಲೇ ಕಂಪನಿ ಕೇಸು ವಾಪಸ್ ತೆಗೆದುಕೊಂಡಿತು. ಅಂತರರಾಷ್ಟ್ರೀಯ ನಿಯಮದೊಳಗೂ ಜಾಗ ಇರುತ್ತದೆ, ಒತ್ತಾಯ ಮಾಡುವವರು ಇರಬೇಕು.

ಬೆಂಬಲ ಬೆಲೆಗೆ ಹಳೇ ತಕ್ಕಡಿ

ಬೆಂಬಲ ಬೆಲೆ ನಿಲ್ಲಿಸಿ ಅನ್ನುವ ಆದೇಶ ಇಲ್ಲ. ಇರುವುದು ಒಂದು ಮಿತಿ: ಭಾರತದಂಥ ದೇಶ ಒಂದು ಬೆಳೆಗೆ ಕೊಡುವ ಇಂಥ ಬೆಂಬಲ, ಆ ಬೆಳೆಯ ಒಟ್ಟು ಮೌಲ್ಯದ ಶೇ. 10 ದಾಟಬಾರದು. ತೊಂದರೆ ಇರುವುದು ಲೆಕ್ಕದಲ್ಲಿ. ಬೆಂಬಲ ಬೆಲೆಯನ್ನು ಹೋಲಿಸುವುದು 1986–88ರ ಬೆಲೆಗೆ. ಇವತ್ತಿನ ಗೊಬ್ಬರ, ಡೀಸೆಲ್, ಕೂಲಿಯಲ್ಲಿ ಬೆಳೆದ ಭತ್ತಕ್ಕೆ ಮೂವತ್ತೈದು ವರ್ಷಕ್ಕೂ ಹಿಂದಿನ ತಕ್ಕಡಿ! 2018–19ರಲ್ಲಿ ಭಾರತ ಅಕ್ಕಿಯಲ್ಲಿ ಆ ಮಿತಿ ದಾಟಿತು. ಆದರೂ ಶಿಕ್ಷೆ ಆಗಲಿಲ್ಲ. 2013ರ ಬಾಲಿ ಸಭೆಯಲ್ಲಿ ಹಟ ಹಿಡಿದು ಪಡೆದಿದ್ದ 'ಶಾಂತಿ ಕಲಂ' ಕೈ ಹಿಡಿಯಿತು. ಆದರೆ ಅದು ತಾತ್ಕಾಲಿಕ ಏರ್ಪಾಡು. ಶಾಶ್ವತ ಪರಿಹಾರ ಬೇಕೆಂದು 2024ರಲ್ಲಿ ಅಬುಧಾಬಿಯಲ್ಲಿ ಕೇಳಿದಾಗಲೂ ಒಮ್ಮತ ಆಗಲಿಲ್ಲ.

ರಫ್ತು ನಿಲ್ಲಿಸಿದ್ದು ಯಾರು?

ಈಗ ಎರಡನೇ ಮಾತಿಗೆ ಬನ್ನಿ. 2023ರ ಜುಲೈ 20ರಂದು ಬಾಸುಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿ ಚೀಲಕ್ಕೆ ಜನ ಮುಗಿಬಿದ್ದರು. ಅಲ್ಲಿ ರೇಟು ಏರುವಾಗ, ಅದೇ ಅಕ್ಕಿ ಬೆಳೆದ ನಮಗೆ ಆ ಮಾರುಕಟ್ಟೆಯ ಬಾಗಿಲೇ ಮುಚ್ಚಿತ್ತು. ಮುಚ್ಚಿದ್ದು ಜಿನೀವಾ ಅಲ್ಲ, ದೆಹಲಿ. ನಿಜ ಹೇಳಬೇಕೆಂದರೆ, ಈ ನಿರ್ಬಂಧ ತೆಗೆಯಿರಿ ಅಂದಿದ್ದು ಅಂತರರಾಷ್ಟ್ರೀಯ ಹಣಕಾಸು ನಿಧಿ. ಕೊನೆಗೆ ನಿಷೇಧ ತೆಗೆದದ್ದು 2024ರ ಸೆಪ್ಟೆಂಬರ್ 28ಕ್ಕೆ. ಊರಿನ ಬಡವರಿಗೆ ಅಕ್ಕಿ ತುಟ್ಟಿ ಆಗಬಾರದು, ಒಪ್ಪೋಣ. ಆದರೆ ಆ ಭಾರವನ್ನು ಬೆಳೆದವನ ಹೆಗಲಿಗಷ್ಟೇ ಹಾಕಿದ್ದು ಯಾವ ನ್ಯಾಯ?

ಕಟ್ಟೆ ಮುರಿದರೆ ಯಾರಿಗೆ ಲಾಭ?

"ಹಂಗಾದ್ರ ಡಬ್ಲ್ಯುಟಿಒ ಬಿಟ್ಟು ಬರೋಣ" ಅನ್ನುವವರಿದ್ದಾರೆ. ಸ್ವಲ್ಪ ತಾಳಿ. ಅಲ್ಲಿನ ಮೇಲ್ಮನವಿ ಪೀಠ 2019ರ ಡಿಸೆಂಬರಿನಿಂದ ಕೆಲಸ ಮಾಡುತ್ತಿಲ್ಲ, ಯಾಕಂದ್ರೆ ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪಲಿಲ್ಲ. 2021ರಲ್ಲಿ ಕಬ್ಬು–ಸಕ್ಕರೆ ಬೆಂಬಲದ ವಿಷಯದಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಹಾಕಿದ್ದ ಕೇಸಿನಲ್ಲಿ ಭಾರತ ಸೋತಿತು. ನಾವು ಮೇಲ್ಮನವಿ ಹಾಕಿದೆವು, ಕೇಳುವವರೇ ಇಲ್ಲದ್ದರಿಂದ ತೀರ್ಪು ಅಲ್ಲೇ ನಿಂತಿತು. ಅವತ್ತು ನಮಗೆ ಅನುಕೂಲ ಅನ್ನಿಸಿತು.

ಆದರೆ ಪಂಚಾಯ್ತಿ ಇಲ್ಲದ ಊರಲ್ಲಿ ನಡೆಯುವುದು ಬಲ ಇದ್ದವನ ಮಾತೇ. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ. 50ರಷ್ಟು ಸುಂಕ ಹೇರಿತು. ಅದೇ ತಿಂಗಳು ನಮ್ಮ ಸರ್ಕಾರ ಜವಳಿ ಉದ್ಯಮಕ್ಕೆ ಅನುಕೂಲ ಆಗಲಿ ಅಂತ ಹತ್ತಿಯ ಮೇಲಿನ ಶೇ. 11 ಆಮದು ಸುಂಕ ತೆಗೆಯಿತು, ಆಮೇಲೆ ಅದನ್ನು ಡಿಸೆಂಬರ್ 31ರವರೆಗೆ ಮುಂದುವರಿಸಿತು. ಅಂದರೆ ನಮ್ಮ ಹತ್ತಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಸರಿಯಾಗಿ ಹೊರಗಿನ ಹತ್ತಿಗೆ ಬಾಗಿಲು ತೆರೆದಿತ್ತು. ಇದಕ್ಕೂ ಯಾವ ಅಂತರರಾಷ್ಟ್ರೀಯ ಸಂಸ್ಥೆಯ ಅಪ್ಪಣೆ ಇರಲಿಲ್ಲ.

ಕಟ್ಟೆ ಮುರಿಯುವುದಲ್ಲ, ತಕ್ಕಡಿ ಸರಿ ಮಾಡಿಸುವುದು ನಮಗೆ ಬೇಕಾದದ್ದು.

ನಾವು ಮಾಡಬಹುದಾದ್ದು

ಮೊಬೈಲಿಗೆ ಇಂಥ ಸುದ್ದಿ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಹಾಕಿಕೊಳ್ಳಿ. ಒಂದು, ಇದು ನಿಯಮವೋ, ಇನ್ನೂ ಚರ್ಚೆಯಲ್ಲಿರುವ ಕರಡೋ? ಎರಡು, ತೀರ್ಮಾನ ಯಾರದ್ದು: ಜಿನೀವಾ, ದೆಹಲಿ, ಬೆಂಗಳೂರು? ಮೂರು, ನನ್ನ ಬೆಳೆಗೆ ಇದು ತಟ್ಟುತ್ತದೆಯೇ? ರಫ್ತು–ಆಮದು ಆದೇಶಗಳು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ವೆಬ್‌ಸೈಟಿನಲ್ಲೂ, ಸುಂಕದ ಆದೇಶಗಳು ಹಣಕಾಸು ಇಲಾಖೆಯದರಲ್ಲೂ ಸಿಗುತ್ತವೆ. ಯಾರ ಬಾಯಿಂದಲೋ ಕೇಳುವ ಬದಲು ಅಲ್ಲೇ ನೋಡಿ.

ಇನ್ನೊಂದು ಕೆಲಸ ಒಬ್ಬರಿಂದ ಆಗದು. ರೈತ ಸಂಘ, ರೈತ ಉತ್ಪಾದಕ ಕಂಪನಿ, ಸೊಸೈಟಿ, ಯಾವುದರ ಸದಸ್ಯರೇ ಆಗಿರಿ, ಸಂಸದರಿಗೆ ಬರವಣಿಗೆಯಲ್ಲಿ ಕೇಳಿ: ಭತ್ತ, ಹತ್ತಿಯ ಬಗ್ಗೆ ಒಪ್ಪಂದ ಆಗುವಾಗ ನಮ್ಮ ಅಭಿಪ್ರಾಯ ಯಾವಾಗ ಕೇಳುತ್ತೀರಿ? ರಫ್ತು ನಿಲ್ಲಿಸಿದರೆ ಬೆಳೆದವರಿಗೆ ಪರಿಹಾರ ಏನು? ನಾಟಿ ಮುಗಿದ ಮೇಲೆ ಸಸಿ ಮಡಿ ಬಗ್ಗೆ ಮಾತಾಡಿ ಉಪಯೋಗ ಇಲ್ಲ. ಸಹಿ ಬಿದ್ದ ಮೇಲೆ ಕೂಗುವುದೂ ಹಾಗೇ.